ಸೊಳ್ಳೆಗಳ ಹತೋಟಿಯಲ್ಲಿ ಸಸ್ಯಜನ್ಯ ವಸ್ತುಗಳು

ಮಳೆಗಾಲದಲ್ಲಿ ಜ್ವರದ ರೋಗಿಗಳು ಹೆಚ್ಚಾದಾಗ ಆರೋಗ್ಯ ಸಿಬ್ಬಂದಿಯೊಡನೆ ಮನೆಮನೆಗೆ ಹೋಗಿ ನೀರಿನ ತೊಟ್ಟಿಗಳನ್ನು ಪರೀಕ್ಷಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಕರ್ತವ್ಯಗಳಲ್ಲೊಂದು. ಅಂತಹ ಭೇಟಿಯೊಂದರಲ್ಲಿ ನಾನು ಕಂಡ ಮನೆ ಬಹಳ ಅಚ್ಚುಕಟ್ಟಾದುದು. ಅಂಗಳ ಸಾರಿಸಿತ್ತು; ತುಳಸಿಕಟ್ಟೆಯಿತ್ತು; ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು; ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕುವ ಮಡಕೆಯ ಚೂರು ಮೂಲೆಯಲ್ಲಿತ್ತು. ಆ ಮನೆಯ ಇಬ್ಬರು ಮಕ್ಕಳು ಡೆಂಗ್ಯೂ ಜ್ವರದಿಂದ ಆಸ್ಪತ್ರೆ ಸೇರಿದ್ದರು. ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಟಾರ್ಚ್ ಬಿಟ್ಟು ನೋಡಿದಾಗ ತಳದಲ್ಲಿ ಒಂದು ಹಿಡಿ ಬೇವಿನ ಎಲೆ ಕೊಳೆಯುತ್ತಿತ್ತು. ಆ ಎಲೆಗಳ ನಡುವೆಯೇ ಸೊಳ್ಳೆಯ ಮರಿಹುಳುಗಳು ನುಲಿಯುತ್ತಿದ್ದವು. ಮನೆಯ ಅಜ್ಜಿ ಬಗ್ಗಿ ನೋಡಿ, “ಬೇವು ಹಾಕಿದ್ದೀವಲ್ಲ ಡಾಕ್ಟ್ರೇ, ಆದ್ರೂ ಹೆಂಗೆ ಹುಟ್ಕೊಂಡ್ವು?” ಎಂದು ಕೇಳಿದರು.

ಆ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಬೇವಿಗೆ ಕೀಟಗಳನ್ನು ತಡೆಯುವ ಗುಣವುಂಟೆಂಬುದು ಸುಳ್ಳಲ್ಲ. ಆದರೆ ಗಿಡದ ಯಾವ ಭಾಗದಲ್ಲಿ ಯಾವ ವಸ್ತುವಿದೆ, ಅದು ಸೊಳ್ಳೆಯ ಬಾಳಿನ ಯಾವ ಹಂತದಲ್ಲಿ ಕೆಲಸ ಮಾಡುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ತಿಳಿಯದೆ ಬಳಸಿದರೆ ಬೇವು ಕೇವಲ ಕಸವಾಗಿ ತೊಟ್ಟಿಯಲ್ಲಿ ಬೀಳುತ್ತದೆ. ಅಷ್ಟೇ ಅಲ್ಲ, ಕೊಳೆತ ಎಲೆಯ ಕಷಾಯವು ಮರಿಹುಳುಗಳಿಗೆ ಆಹಾರವನ್ನು ಒದಗಿಸುತ್ತದೆ. ಮೊಟ್ಟೆಯಿಡಲು ಬರುವ ಕ್ಯೂಲೆಕ್ಸ್ ಸೊಳ್ಳೆಗಳನ್ನು ಹಿಡಿಯಬೇಕಾದಾಗ ಸಂಶೋಧಕರು ತಮ್ಮ ಬೋನಿನಲ್ಲಿಡುವುದು ಹುಲ್ಲನ್ನು ನೆನೆಹಾಕಿ ಕೊಳೆಸಿದ ನೀರನ್ನೇ ಎಂಬುದನ್ನು ಇಲ್ಲಿ ನೆನೆಯಬಹುದು.

ಸೊಳ್ಳೆಗೆ ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ ಎಂಬ ನಾಲ್ಕು ಅವಸ್ಥೆಗಳಿವೆ. ಮೊದಲ ಮೂರು ನೀರಿಗೆ ಸಂಬಂಧಪಟ್ಟವು. ಡೆಂಗ್ಯೂ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಮನೆಯ ತೊಟ್ಟಿ, ಡ್ರಮ್ಮು, ಒರಳುಕಲ್ಲು, ಒಡೆದ ಟೈರು, ತೆಂಗಿನ ಕರಟಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುತ್ತದೆ, ಹಗಲಿನಲ್ಲಿ ಕಚ್ಚುತ್ತದೆ. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಜಾತಿಗೆ ಚರಂಡಿಯ ಕೊಳಕು ನೀರೇ ಪ್ರಿಯ. ಅದರ ಇನ್ನೊಂದು ಬಳಗ ಭತ್ತದ ಗದ್ದೆಗಳಲ್ಲಿ ಹುಟ್ಟಿ ಜಪಾನೀಸ್ ಮಿದುಳು ಜ್ವರವನ್ನು ತರುತ್ತದೆ. ಕೋಲಾರ, ಮಂಡ್ಯ ಜಿಲ್ಲೆಗಳು ಈ ರೋಗವನ್ನು ಕಂಡಿವೆ. ಮಲೇರಿಯಾ ಹರಡುವ ಆನಾಫಿಲಿಸ್ ಜಾತಿಗಳು ಬಾವಿ, ಹಳ್ಳ, ಕಾಲುವೆಗಳನ್ನೂ ಪಟ್ಟಣಗಳಲ್ಲಿ ಮಾಳಿಗೆಯ ಟ್ಯಾಂಕುಗಳನ್ನೂ ಆಶ್ರಯಿಸುತ್ತವೆ. ಹೀಗೆ ಒಂದೊಂದರ ನೆಲೆ ಬೇರೆ, ಕಚ್ಚುವ ವೇಳೆ ಬೇರೆ. ಆದುದರಿಂದ ಎಲ್ಲಕ್ಕೂ ಒಂದೇ ಸೊಪ್ಪಿನ ಮದ್ದು ಇರಲಾರದು.

ಸಸ್ಯಗಳಿಂದ ದೊರೆಯುವ ವಸ್ತುಗಳೂ ಒಂದೇ ಬಗೆಯವಲ್ಲ. ಕೆಲವು ಹಾರುವ ಸೊಳ್ಳೆಯನ್ನು ಕೊಲ್ಲುತ್ತವೆ. ಕೆಲವು ಮರಿಹುಳುವಿನ ಬೆಳವಣಿಗೆಯನ್ನು ಕೆಡಿಸುತ್ತವೆ. ಮತ್ತೆ ಕೆಲವು ಸೊಳ್ಳೆಯನ್ನು ಕೊಲ್ಲದೆ, ನಮ್ಮ ಮೈಯ ಬಳಿಗೆ ಬಾರದಂತೆ ಕೆಲಹೊತ್ತು ದೂರವಿಡುತ್ತವೆ. ಈ ಮೂರರ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡು ಮುಂದೆ ಓದಬೇಕಾಗಿ ಕೋರಿಕೆ.

ಸೇವಂತಿಗೆಯ ಬಳಗದ ಒಂದು ಹೂವು

ಕೊಲ್ಲುವ ವಸ್ತುಗಳಲ್ಲಿ ಅಗ್ರಸ್ಥಾನ ಪೈರೆಥ್ರಮ್‌ಗೆ ಸಲ್ಲಬೇಕು. ಇದು ನಮ್ಮ ಸೇವಂತಿಗೆಯ ಹತ್ತಿರದ ಸಂಬಂಧಿಯಾದ, ಬಿಳಿಯ ಎಸಳು ಮತ್ತು ಹಳದಿಯ ನಡುಭಾಗವುಳ್ಳ ಹೂವು. ಇದರ ತವರು ಏಡ್ರಿಯಾಟಿಕ್ ಸಮುದ್ರದ ದಂಡೆಯ ಡಾಲ್ಮೇಷಿಯಾ ಪ್ರಾಂತ, ಎಂದರೆ ಇಂದಿನ ಕ್ರೊಯೇಷಿಯಾ ಕಡೆಯ ನಾಡು. 20ನೆಯ ಶತಮಾನದ ಉತ್ತರಾರ್ಧದ ಬಹುಕಾಲ ಕೆನ್ಯಾ ದೇಶವೇ ಜಗತ್ತಿಗೆ ಹೆಚ್ಚಿನ ಪೈರೆಥ್ರಮ್ಮನ್ನು ಒದಗಿಸುತ್ತಿತ್ತು. ನಮ್ಮ ದೇಶದಲ್ಲಿಯೂ ಕಾಶ್ಮೀರ ಮತ್ತು ನೀಲಗಿರಿಯ ತಂಪು ಹವೆಯಲ್ಲಿ ಇದನ್ನು ಬೆಳೆಯುವ ಪ್ರಯತ್ನಗಳು ನಡೆದಿವೆ. ನಮ್ಮ ಬಯಲುಸೀಮೆಯ ಸೇವಂತಿಗೆಯನ್ನು ಒಣಗಿಸಿ ಪುಡಿ ಮಾಡಿದರೆ ಈ ಗುಣ ಬರುವುದಿಲ್ಲ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು; ಹಾಗೆಂದು ಕೇಳಿದವರೂ ಇದ್ದಾರೆ.

ಪೈರೆಥ್ರಮ್ ಹೂವಿನ ಬೀಜಕೋಶಗಳಲ್ಲಿ ಪೈರೆಥ್ರಿನ್ ಗುಂಪಿನ ಆರು ವಸ್ತುಗಳಿವೆ. ಇವು ಕೀಟದ ನರತಂತುಗಳಲ್ಲಿ ಸೋಡಿಯಮ್ ಕಣಗಳು ಸಾಗುವ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ಇದರಿಂದ ನರಗಳು ಬಿಡುವಿಲ್ಲದೆ ಉದ್ರೇಕಗೊಂಡು ಸೊಳ್ಳೆ ಕ್ಷಣಮಾತ್ರದಲ್ಲಿ ನೆಲಕ್ಕುರುಳುತ್ತದೆ. ಮನುಷ್ಯನ ದೇಹವು ಇವನ್ನು ಬೇಗನೆ ಒಡೆದು ಹೊರಹಾಕುವುದರಿಂದ ಸರಿಯಾದ ಪ್ರಮಾಣದಲ್ಲಿ ಬಳಸಿದಾಗ ನಮಗೆ ಅಪಾಯ ಕಡಿಮೆ. ಮೀನುಗಳಿಗೆ ಮತ್ತು ಜೇನುಹುಳುಗಳಿಗೆ ಮಾತ್ರ ಇದು ಘೋರ ವಿಷ.

ಹೂವಿನ ಪುಡಿಯನ್ನು ಊದುಬತ್ತಿಯಂತೆ ಉರಿಸುವ ಪದ್ಧತಿ ಜಪಾನಿನಲ್ಲಿ ಬೆಳೆಯಿತು. ಐಇಚಿರೊ ಉಯೆಯಾಮ ಎಂಬ ವ್ಯಾಪಾರಿ ತಯಾರಿಸಿದ ಮೊದಲ ಬತ್ತಿಗಳು ನೇರವಾಗಿದ್ದು ಬೇಗನೆ ಉರಿದು ಮುಗಿಯುತ್ತಿದ್ದವು. ಅದನ್ನು ಸುರುಳಿಯಾಗಿ ಮಾಡಿದರೆ ರಾತ್ರಿಯಿಡೀ ಉರಿದೀತೆಂದು 1895ರಲ್ಲಿ ಸೂಚಿಸಿದವರು ಆತನ ಪತ್ನಿ ಯೂಕಿ. 1902ರಿಂದ ಸುರುಳಿ ಬತ್ತಿ ಮಾರಾಟಕ್ಕೆ ಬಂತು. ಇಂದು ನಾವು ಅಂಗಡಿಯಲ್ಲಿ ಕೊಳ್ಳುವ ಸೊಳ್ಳೆ ಬತ್ತಿಯ ಆಕಾರ ಅದೇ. ಆದರೆ ಒಳಗಿನ ಔಷಧ ಬಹುಮಟ್ಟಿಗೆ ಹೂವಿನದಲ್ಲ. ಸ್ಟಾಡಿಂಗರ್ ಮತ್ತು ರುಜಿಕ ಎಂಬ ರಸಾಯನ ವಿಜ್ಞಾನಿಗಳು ಪೈರೆಥ್ರಿನ್‌ಗಳ ರಚನೆಯ ಬಗ್ಗೆ ತಾವು ನಡೆಸಿದ ಸಂಶೋಧನೆಯನ್ನು 1924ರಲ್ಲಿ ಪ್ರಕಟಿಸಿದರು. ಆ ರಚನೆಯನ್ನು ಅನುಸರಿಸಿ 1949ರಲ್ಲಿ ಅಲೆಥ್ರಿನ್ ಎಂಬ ಕೃತಕ ವಸ್ತು ತಯಾರಾಯಿತು. 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ಬಿಸಿಲಿಗೂ ಕೆಡದ ಪರ್ಮೆಥ್ರಿನ್ ತಯಾರಿಸಿದರು. ಹೂವಿನ ನಿಜವಾದ ಪೈರೆಥ್ರಿನ್ ಬಿಸಿಲು ಬೆಳಕಿಗೆ ಕೆಲವೇ ಗಂಟೆಗಳಲ್ಲಿ ಕ್ಷೀಣಿಸುತ್ತದೆ. ಅದು ಅದರ ದೌರ್ಬಲ್ಯವೂ ಹೌದು, ಪರಿಸರದಲ್ಲಿ ಉಳಿಯದೆ ಹೋಗುವುದರಿಂದ ಗುಣವೂ ಹೌದು. ಬಹುಕಾಲ ಬಾಳುವ ಔಷಧ ಲೇಪಿತ ಸೊಳ್ಳೆ ಪರದೆಗಳಲ್ಲಿರುವುದು ಅದರ ಕೃತಕ ಸಂತತಿ.

ಇಲ್ಲಿ ನಮ್ಮ ಅಡುಗೆಮನೆಗೆ ಹತ್ತಿರವಾದ ಒಂದು ಸಂಗತಿಯುಂಟು. ಪೈರೆಥ್ರಮ್‌ಗೆ ಎಳ್ಳೆಣ್ಣೆ ಬೆರೆಸಿದರೆ ಅದರ ಕೊಲ್ಲುವ ಶಕ್ತಿ ಹೆಚ್ಚಾಗುವುದೆಂದು 1940ರ ವೇಳೆಗೆ ಕಂಡುಬಂತು. ಎಳ್ಳೆಣ್ಣೆ ತಾನಾಗಿ ಸೊಳ್ಳೆಯನ್ನು ಕೊಲ್ಲುವುದಿಲ್ಲ; ಅದರಲ್ಲಿರುವ ಸೆಸಮಿನ್ ಮೊದಲಾದ ವಸ್ತುಗಳು, ವಿಷವನ್ನು ಒಡೆದುಹಾಕುವ ಕೀಟದ ದೇಹಶಕ್ತಿಯನ್ನು ಕುಂದಿಸುತ್ತವೆ. ಇದೇ ತತ್ತ್ವದ ಮೇಲೆ ಪಿಪರೊನಿಲ್ ಬ್ಯೂಟಾಕ್ಸೈಡ್ ಎಂಬ ಸಹಾಯಕ ವಸ್ತು ಬಳಕೆಗೆ ಬಂತು. ಸೊಳ್ಳೆಗಳು ಈಗ ಅನೇಕ ಕಡೆ ಕೃತಕ ಪೈರೆಥ್ರಾಯ್ಡ್‌ಗಳಿಗೆ ಒಗ್ಗಿಕೊಂಡು ನಿರೋಧ ಶಕ್ತಿ ಬೆಳೆಸಿಕೊಂಡಿರುವುದರಿಂದ, ಈ ಸಹಾಯಕ ವಸ್ತುವನ್ನೂ ಸೇರಿಸಿದ ಪರದೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು.

ಬೇವು ಮಾಡುವ ಕೆಲಸ ಮತ್ತು ಮಾಡದ ಕೆಲಸ

ಬೇವು ಕೊಲೆಗಾರನಲ್ಲ, ಅದರ ರೀತಿ ಬೇರೆ. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಗಳ ಹಿಂಡು ಎರಗಿ ಗಿಡಮರಗಳನ್ನೆಲ್ಲ ಬೋಳು ಮಾಡಿದಾಗ ಬೇವಿನ ಮರಗಳು ಮಾತ್ರ ಹಸಿರಾಗಿ ಉಳಿದುದನ್ನು ಜರ್ಮನಿಯ ವಿಜ್ಞಾನಿ ಷ್ಮುಟ್ಟರರ್ ಗಮನಿಸಿದರು. ಅದೇ ಕಾಲದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಅವರ ಸಹೋದ್ಯೋಗಿಗಳು ಬೇವಿನ ಬೀಜದ ತಿರುಳನ್ನು ಅರೆದು ನೀರಿನಲ್ಲಿ ಕಲಸಿ ಬೆಳೆಗೆ ಸಿಂಪಡಿಸಿದರೆ ಮಿಡತೆ ತಿನ್ನುವುದಿಲ್ಲವೆಂದು ತೋರಿಸಿ 1962ರಲ್ಲಿ ಪ್ರಕಟಿಸಿದರು. ಇದಕ್ಕೆ ಕಾರಣವಾದ ಮುಖ್ಯ ವಸ್ತು ಅಜಾಡಿರಾಕ್ಟಿನ್. ಅದನ್ನು 1968ರಲ್ಲಿ ಬೇರ್ಪಡಿಸಲಾಯಿತು. ಅದರ ರಚನೆ ಎಷ್ಟು ತೊಡಕಿನದೆಂದರೆ, ಪ್ರಯೋಗಶಾಲೆಯಲ್ಲಿ ಅದನ್ನು ಪೂರ್ಣವಾಗಿ ಕಟ್ಟುವಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಯಶಸ್ವಿಯಾದುದು 2007ರಲ್ಲಿ, ಇಪ್ಪತ್ತೆರಡು ವರ್ಷಗಳ ದುಡಿಮೆಯ ನಂತರ. ನಮ್ಮ ಊರಬಾಗಿಲಿನ ಮರ ಅದನ್ನು ಪ್ರತಿವರ್ಷವೂ ತಯಾರಿಸುತ್ತದೆ.

ಅಜಾಡಿರಾಕ್ಟಿನ್ ಹೆಚ್ಚಾಗಿರುವುದು ಬೀಜದ ತಿರುಳಿನಲ್ಲಿ, ಎಲೆಯಲ್ಲಲ್ಲ. ಎಲೆ ಹಾಕಿದ ತೊಟ್ಟಿಯಲ್ಲಿ ಮರಿಹುಳುಗಳು ಬದುಕಿದ್ದುದಕ್ಕೆ ಒಂದು ಕಾರಣ ಇದು. ಎರಡನೆಯ ಕಾರಣ, ಈ ವಸ್ತು ಬಿಸಿಲು ಮತ್ತು ನೀರಿನಲ್ಲಿ ಕೆಲವು ದಿನಗಳೊಳಗೆ ಕ್ಷೀಣಿಸುತ್ತದೆ. ಮೂರನೆಯದಾಗಿ, ಇದು ಕೂಡಲೇ ಕೊಲ್ಲುವ ವಿಷವಲ್ಲ. ಮರಿಹುಳು ಬೆಳೆಯುವಾಗ ನಾಲ್ಕು ಬಾರಿ ಪೊರೆ ಕಳಚಬೇಕಷ್ಟೆ. ಆ ಕ್ರಿಯೆಯನ್ನು ನಡೆಸುವ ಹಾರ್ಮೋನಿನ ವ್ಯವಸ್ಥೆಯನ್ನು ಅಜಾಡಿರಾಕ್ಟಿನ್ ಏರುಪೇರು ಮಾಡುತ್ತದೆ. ಹಳೆಯ ಪೊರೆಯಿಂದ ಹೊರಬರಲಾರದೆ ಹುಳು ಸಾಯುತ್ತದೆ, ಇಲ್ಲವೇ ಸೊಳ್ಳೆಯಾಗದೆ ಕೋಶದಲ್ಲಿಯೇ ಉಳಿಯುತ್ತದೆ. ಇದಕ್ಕೆ ಅಳತೆಯುಳ್ಳ, ಶುದ್ಧೀಕರಿಸಿದ ತಯಾರಿಕೆ ಬೇಕು. ಗಾಣದ ಬೇವಿನೆಣ್ಣೆಯಲ್ಲಿ ಈ ಅಂಶ ಒಂದು ಡಬ್ಬಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ. ಮೇಲಾಗಿ ಅದು ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತದೆ. ಹೊಲಕ್ಕೆ ಸಿಂಪಡಿಸಲು ಮಾರುವ ಬೇವಿನ ಔಷಧವನ್ನಾಗಲಿ ಎಣ್ಣೆಯನ್ನಾಗಲಿ ಕುಡಿಯುವ ನೀರಿನ ತೊಟ್ಟಿಗೆ ಎಂದೂ ಹಾಕಬಾರದು.

ಬೇವು ನಿಜವಾಗಿ ಫಲ ಕೊಟ್ಟಿರುವ ಒಂದು ಕ್ಷೇತ್ರವೆಂದರೆ ಭತ್ತದ ಗದ್ದೆ. ತಮಿಳುನಾಡಿನಲ್ಲಿ ಮಧುರೆಯ ವೈದ್ಯಕೀಯ ಕೀಟಶಾಸ್ತ್ರ ಸಂಶೋಧನಾ ಕೇಂದ್ರದವರು ಬೇವಿನ ಹಿಂಡಿಯನ್ನು ಗದ್ದೆಗೆ ಹಾಕಿ, ನೀರನ್ನು ಸದಾ ನಿಲ್ಲಿಸದೆ ಆಗಾಗ ಬಸಿದು ನೋಡಿದರು. 1990ರ ದಶಕದಲ್ಲಿ ಪ್ರಕಟವಾದ ಆ ಪರೀಕ್ಷೆಗಳಲ್ಲಿ ಮಿದುಳು ಜ್ವರ ಹರಡುವ ಕ್ಯೂಲೆಕ್ಸ್ ಮರಿಹುಳುಗಳು ಕಡಿಮೆಯಾದವು. ರೈತನಿಗೆ ಇದರಲ್ಲಿ ಸ್ವಂತ ಲಾಭವೂ ಉಂಟು: ಬೇವು ಸೇರಿದ ಯೂರಿಯಾದ ಸಾರಜನಕ ಬೇಗನೆ ಪೋಲಾಗುವುದಿಲ್ಲ. ನಮ್ಮ ದೇಶದಲ್ಲಿ 2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿರುವುದು ಈ ಸಾರಜನಕದ ಉಳಿತಾಯಕ್ಕಾಗಿ. ಅಷ್ಟರಿಂದಲೇ ಗದ್ದೆಯ ಸೊಳ್ಳೆ ನಾಶವಾಯಿತೆಂದು ಭಾವಿಸಬಾರದು. ಬೇವಿನ ಹಿಂಡಿಯನ್ನು ಪ್ರತ್ಯೇಕವಾಗಿ ಹಾಕುವುದೂ ನೀರನ್ನು ಸರದಿಯಂತೆ ಬಿಡುವುದೂ ಅಗತ್ಯ.

ಮೈಗೆ ಹಚ್ಚುವ ವಿಷಯಕ್ಕೆ ಬರೋಣ. ಕೊಬ್ಬರಿ ಎಣ್ಣೆಯಲ್ಲಿ ಶೇಕಡ 2ರಷ್ಟು ಬೇವಿನೆಣ್ಣೆ ಬೆರೆಸಿ ಹಚ್ಚಿಕೊಂಡವರಿಗೆ ಆನಾಫಿಲಿಸ್ ಸೊಳ್ಳೆಗಳಿಂದ 12 ಗಂಟೆಗಳ ಪೂರ್ಣ ರಕ್ಷಣೆ ದೊರೆಯಿತೆಂದು ನಮ್ಮ ದೇಶದ ಮಲೇರಿಯಾ ಸಂಶೋಧಕರಾದ ವಿ. ಪಿ. ಶರ್ಮ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದರು. ನಲವತ್ತೊಂಬತ್ತು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಬೇವಿನೆಣ್ಣೆ ಎಂದರೆ ಆ ಪ್ರಮಾಣವಾಗುತ್ತದೆ. ಆದರೆ ಬೇರೆಡೆಯ ಫಲಿತಾಂಶ ಇಷ್ಟು ಆಶಾದಾಯಕವಾಗಿಲ್ಲ. ಇಥಿಯೋಪಿಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶೇಕಡ 20ರ ಬೇವಿನೆಣ್ಣೆಯೂ ಅಲ್ಲಿನ ಆನಾಫಿಲಿಸ್ ಸೊಳ್ಳೆಯನ್ನು ಸುಮಾರು ಮೂರು ಗಂಟೆಗಳ ಕಾಲ ಮಾತ್ರ ತಡೆಯಿತು. ನನ್ನ ಅಭಿಪ್ರಾಯದಲ್ಲಿ ರಾತ್ರಿ ಹೊಲ ಕಾಯುವ ದೊಡ್ಡವರು ಇದನ್ನು ಮುಂಗೈ ಮೇಲೆ ಸ್ವಲ್ಪ ಹಚ್ಚಿ ನೋಡಿ, ತುರಿಕೆಯಾಗದಿದ್ದರೆ ಬಳಸಬಹುದು. ಪರದೆಯ ಬದಲಾಗಿ ಇದನ್ನು ನೆಚ್ಚಬಾರದು. ಹಗಲು ಕಚ್ಚುವ ಈಡಿಸ್ ಸೊಳ್ಳೆಗಂತೂ ಇದನ್ನೇ ನಂಬಿ ಕೂರುವಂತಿಲ್ಲ.

ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಮಾತು

ಸಸ್ಯದಿಂದ ಬಂದುದೆಲ್ಲ ನಿರಪಾಯಕರವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಎಳೆಗೂಸುಗಳ ವಿಷಯದಲ್ಲಿ ಈ ನಂಬಿಕೆ ಪ್ರಾಣಕ್ಕೆ ಎರವಾಗಬಹುದು. ಮಲೇಷ್ಯಾದಲ್ಲಿ ಶೀತ, ಕೆಮ್ಮು ಮುಂತಾದ ಸಣ್ಣ ತೊಂದರೆಗಳಿಗೆ ಬೇವಿನೆಣ್ಣೆಯನ್ನು ಬಾಯಿಗೆ ಹಾಕಿದ ಮಕ್ಕಳಲ್ಲಿ ಕೆಲವೇ ಗಂಟೆಗಳಲ್ಲಿ ವಾಂತಿ, ಮಂಪರು, ಫಿಟ್ಸ್ ಕಾಣಿಸಿಕೊಂಡು, ಯಕೃತ್ತು ಮತ್ತು ಮಿದುಳಿಗೆ ತೀವ್ರ ಹಾನಿಯಾದುದನ್ನು ಅಲ್ಲಿನ ವೈದ್ಯರು 1981ರಲ್ಲಿ ಪ್ರಕಟಿಸಿದರು. ಕೂಸಿಗೆ ಬೇವಿನೆಣ್ಣೆಯನ್ನು ಒಂದು ಹನಿಯೂ ಕುಡಿಸಬಾರದು. ಮೈಗೆ ಹಚ್ಚಲೂ ಬಾರದು, ಏಕೆಂದರೆ ಕೂಸು ತನ್ನ ಕೈಯನ್ನು ಬಾಯಿಗಿಟ್ಟು ಚೀಪುತ್ತದೆ. ಹಚ್ಚಿಕೊಳ್ಳಲು ತಂದ ಸೀಸೆಯನ್ನು ಔಷಧದ ಸೀಸೆಗಳ ಜೊತೆ ಇಡದೆ, ಮಕ್ಕಳ ಕೈಗೆಟುಕದ ಎತ್ತರದಲ್ಲಿಡಿರಿ.

ನೀಲಗಿರಿ ತೈಲ ಮತ್ತು ಕರ್ಪೂರದ ಬಗ್ಗೆಯೂ ಇದೇ ಎಚ್ಚರಿಕೆ ಸಲ್ಲುತ್ತದೆ. ಇವು ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ನೀಲಗಿರಿ ತೈಲ, ಕರ್ಪೂರ ಸೇರಿದ ಪದಾರ್ಥಗಳ ಬಳಕೆಯ ನಂತರ ಫಿಟ್ಸ್ ಬಂದ ರೋಗಿಗಳ ಬಗ್ಗೆ ಬೆಂಗಳೂರಿನ ನರರೋಗ ತಜ್ಞರು ಪ್ರಬಂಧಗಳನ್ನು ಬರೆದಿದ್ದಾರೆ. ಇನ್ನು ಸೀತಾಫಲದ ಬೀಜದ ಪುಡಿ ಹೇನಿಗೂ ಸೊಳ್ಳೆಗೂ ಒಳ್ಳೆಯದೆಂದು ಬಳಸುವವರಿದ್ದಾರೆ. ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪೊರೆ ಸುಟ್ಟಂತೆ ಗಾಯವಾಗುತ್ತದೆ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹಕ್ಕೆ ಇಳಿಯುವ ವಿಷ. ಇವೆರಡನ್ನೂ ಮನೆಯೊಳಗೆ ಸೇರಿಸದಿರುವುದೇ ಕ್ಷೇಮ.

ಸುವಾಸನೆಯ ತೈಲಗಳಲ್ಲಿ ಸೊಳ್ಳೆಯನ್ನು ದೂರವಿಡುವ ಶಕ್ತಿ ಉತ್ತಮವಾಗಿ ಸಿದ್ಧಪಟ್ಟಿರುವುದು ನಿಂಬೆ ವಾಸನೆಯ ನೀಲಗಿರಿ ಜಾತಿಯಿಂದ ದೊರೆಯುವ ಒಂದು ವಸ್ತುವಿಗೆ. ಚೀನಾದವರು ಆ ಮರದ ಎಲೆಯಿಂದ ತೈಲ ಬಟ್ಟಿಯಿಳಿಸಿದ ಮೇಲೆ ಉಳಿದ ಚರಟದಲ್ಲಿ ಅದನ್ನು ಗುರುತಿಸಿದರು. ನಮ್ಮ ಅಂಗಡಿಯಲ್ಲಿ ನೆಗಡಿಗೆಂದು ಮಾರುವ ನೀಲಗಿರಿ ತೈಲ ಬೇರೆ ಜಾತಿಯ ಮರದ್ದು. ಅದರಲ್ಲಿ ಈ ವಸ್ತುವನ್ನು ನಿರೀಕ್ಷಿಸುವಂತಿಲ್ಲ. ಮೂರು ವರ್ಷಕ್ಕೆ ಕಡಿಮೆ ವಯಸ್ಸಿನ ಮಕ್ಕಳಿಗೆ ಆ ವಸ್ತುವನ್ನೂ ಹಚ್ಚಬಾರದೆಂದು ನಿಯಮವಿದೆ. ಸಿಟ್ರೊನೆಲ್ಲಾ ಹುಲ್ಲಿನ ತೈಲ ಬೇಗನೆ ಆವಿಯಾಗುವುದರಿಂದ ಅದರ ರಕ್ಷಣೆ ಹೆಚ್ಚೆಂದರೆ ಎರಡು ಗಂಟೆ. ಹಾಗೆಯೇ ಅಂಗಳದಲ್ಲಿ ತುಳಸಿಯನ್ನೋ ಮಜ್ಜಿಗೆಹುಲ್ಲನ್ನೋ ನೆಟ್ಟಮಾತ್ರಕ್ಕೆ ಸೊಳ್ಳೆ ಬಾರದಿರುವುದಿಲ್ಲ. ತೈಲವು ಎಲೆಯ ಒಳಗಿನ ಕೋಶಗಳಲ್ಲಿ ಅಡಗಿರುವಾಗ ಗಾಳಿಗೆ ಬರುವ ಅಂಶ ಅತ್ಯಲ್ಪ. ತುಳಸಿಯನ್ನು ಪೂಜೆಗೆ ಬೆಳೆಸಿರಿ. ಕಟ್ಟೆಯ ಕುಂಡದ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿರಿ.

ಹೊಗೆಯ ವಿಷಯ ಹೇಳದೆ ಬಿಡುವಂತಿಲ್ಲ. ಬೇವು, ಲಕ್ಕಿ ಮುಂತಾದ ಸೊಪ್ಪಿನ ಹೊಗೆಗೆ ಸೊಳ್ಳೆ ಸ್ವಲ್ಪ ಹೊತ್ತು ಹಿಂಜರಿಯುತ್ತದೆ. ಹೊಗೆ ಆರಿದ ಮೇಲೆ ಮರಳುತ್ತದೆ. ಅಷ್ಟರಲ್ಲಿ ಮನೆಯವರ ಶ್ವಾಸಕೋಶಕ್ಕೆ ಸೇರಬೇಕಾದುದು ಸೇರಿಯಾಗಿರುತ್ತದೆ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಾಗ ಹೊರಬೀಳುವ ಸೂಕ್ಷ್ಮ ಧೂಳು 75ರಿಂದ 137 ಸಿಗರೇಟುಗಳಿಂದ ಬರುವಷ್ಟಿರುತ್ತದೆಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಬಾಣಂತಿಯ ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಹೊಗೆ ಹಾಕುವುದನ್ನೂ ಬತ್ತಿ ಉರಿಸುವುದನ್ನೂ ನಿಲ್ಲಿಸಬೇಕು. ಆಸ್ತಮಾ ಇರುವವರ ಮನೆಯಲ್ಲಿಯೂ ಹಾಗೆಯೇ. ಕೂಸಿನ ತೊಟ್ಟಿಲಿಗೆ ಹಗಲಿನ ನಿದ್ದೆಯ ಹೊತ್ತಿನಲ್ಲಿಯೂ ಪರದೆ ಕಟ್ಟಿದರೆ ಈ ಹೊಗೆಯ ಅಗತ್ಯವೇ ಬೀಳುವುದಿಲ್ಲ.

ಮೊದಲು ಹೇಳಿದ ಮನೆಗೆ ಮರಳುವುದಾದರೆ, ನಾವು ಆ ದಿನ ಮಾಡಿದ ಕೆಲಸ ಎರಡು. ತೊಟ್ಟಿಯನ್ನು ಬರಿದು ಮಾಡಿಸಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿಸಿದೆವು. ಈಡಿಸ್ ಮೊಟ್ಟೆಗಳು ನೀರಿನ ಅಂಚಿನಲ್ಲಿ ಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದುದರಿಂದ ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ ಒಣಗಿಸಿರೆಂದು ಆಶಾ ಕಾರ್ಯಕರ್ತೆಯರು ಹೇಳುವುದು ಈ ಲೆಕ್ಕದ ಮೇಲೆ. ನೀರಿನ ಅಭಾವದಿಂದ ಬರಿದು ಮಾಡಲಾಗದ ದೊಡ್ಡ ತೊಟ್ಟಿ, ಬಾವಿಗಳಿಗೆ ಗಪ್ಪಿ ಮೀನು ಬಿಡಬಹುದು.

ಎರಡನೆಯ ಕೆಲಸ, ರೋಗಿಯ ಮನೆಯೊಳಗೂ ಸುತ್ತಣ ಮನೆಗಳೊಳಗೂ ಪೈರೆಥ್ರಮ್ ಸಿಂಪಡಣೆ. ಮಕ್ಕಳನ್ನು ಕಚ್ಚಿ ವೈರಸ್ಸನ್ನು ಹೊತ್ತಿರಬಹುದಾದ ಸೊಳ್ಳೆಗಳು ಮಂಚದ ಕೆಳಗೆ, ಬಟ್ಟೆಗಳ ಮರೆಯಲ್ಲಿ ಕುಳಿತಿರುತ್ತವೆ. ಅವನ್ನು ಅಂದೇ ಕೊಲ್ಲಬೇಕು. ತೊಟ್ಟಿ ಉಜ್ಜುವುದರಿಂದ ಅವು ಸಾಯುವುದಿಲ್ಲ. ಶೇಕಡ 2ರ ಪೈರೆಥ್ರಮ್ ಸಾರದ ಒಂದು ಭಾಗಕ್ಕೆ ಹತ್ತೊಂಬತ್ತು ಭಾಗ ಸೀಮೆಎಣ್ಣೆ ಬೆರೆಸಿ ಸಿಬ್ಬಂದಿ ಸಿಂಪಡಿಸುತ್ತಾರೆ. ವಾಸನೆಗೆ ಬೇಸತ್ತು ಕೆಲವರು ಹೊರಗಿನ ಜಗುಲಿಗಷ್ಟೇ ಹೊಡೆಸಿ ಕಳುಹಿಸುತ್ತಾರೆ. ಅದರಿಂದ ಯಾವ ಪ್ರಯೋಜನವೂ ಇಲ್ಲ. ಸಿಬ್ಬಂದಿ ಬಂದಾಗ ಒಲೆ ಮತ್ತು ದೀಪಗಳನ್ನು ಆರಿಸಿರಿ. ಅಡುಗೆಯನ್ನೂ ಕುಡಿಯುವ ನೀರನ್ನೂ ಮುಚ್ಚಿರಿ. ತೊಟ್ಟಿಯಲ್ಲಿ ಮೀನಿದ್ದರೆ ತೊಟ್ಟಿಯ ಬಾಯಿಯನ್ನು ಹೊದಿಸಿರಿ. ಕೂಸು, ವೃದ್ಧರು, ರೋಗಿಗಳನ್ನು ಹೊರಗೆ ಕೂರಿಸಿ ಮಲಗುವ ಕೋಣೆಯನ್ನು ತೆರೆದುಕೊಡಿರಿ. ಸಿಂಪಡಿಸಿದ ಮೇಲೆ ಅರ್ಧ ಗಂಟೆ ಬಾಗಿಲು ಕಿಟಕಿಗಳನ್ನು ಮುಚ್ಚಿದ್ದು, ಅನಂತರ ಎಲ್ಲವನ್ನೂ ತೆರೆದು ಗಾಳಿಯಾಡಿಸಿ ಒಳಗೆ ಹೋಗಿರಿ. ಆ ಔಷಧ ಮರುದಿನಕ್ಕೆ ಉಳಿದಿರುವುದಿಲ್ಲ. ಹತ್ತಿರದ ಮನೆಯಲ್ಲಿ ಯಾರಿಗಾದರೂ ಹೊಸದಾಗಿ ಜ್ವರ ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ; ಸಿಬ್ಬಂದಿ ಮತ್ತೊಮ್ಮೆ ಬರಬೇಕಾಗುತ್ತದೆ.